ಕೊಡ ಕೆಳಗಿಡಿ, ನೀರು ತಿಳಿಯಾಗುತ್ತದೆ

ನಾನು ಬೆಳೆದದ್ದು ಎರೆಸೀಮೆಯ ಒಂದು ಹಳ್ಳಿಯಲ್ಲಿ. ಅಲ್ಲಿನ ಬಾವಿಗಳ ನೀರು ಸವಳು. ಕುಡಿಯುವುದಕ್ಕೆ ಊರ ಮುಂದಿನ ಕೆರೆಯೊಂದೇ ಆಧಾರ. ಮುಂಗಾರಿನ ಮೊದಲ ನೀರು ಕೆರೆಗೆ ನುಗ್ಗಿದ ದಿನಗಳಲ್ಲಿ ತುಂಬಿ ತಂದ ಕೊಡದಲ್ಲಿ ನೀರಿಗಿಂತ ಮಣ್ಣೇ ಹೆಚ್ಚು ಕಾಣುತ್ತಿತ್ತು. ಅಜ್ಜಿ ಅದನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಅಡುಗೆಮನೆಯ ಮೂಲೆಯಲ್ಲಿ ಸಿಂಬೆಯ ಮೇಲಿಟ್ಟು, “ಯಾರೂ ಮುಟ್ಟಬೇಡಿ, ತಿಳಿಯಾಗಲಿ” ಎನ್ನುತ್ತಿದ್ದಳು. ಮಕ್ಕಳಾದ ನಮಗೆ ತಡೆಯುತ್ತಿರಲಿಲ್ಲ. ಆಗಾಗ ಹೋಗಿ ಕೈಯಾಡಿಸಿ ನೋಡುತ್ತಿದ್ದೆವು. ಕೈಯಾಡಿಸಿದಾಗಲೆಲ್ಲ ಮತ್ತೆ ಬಗ್ಗಡ.

‘ತಿಳಿ’ ಎಂಬ ನಮ್ಮ ಮಾತು ಕೆಸರು ಕೆಳಗಿಳಿದ ನೀರಿಗೂ ಸಲ್ಲುತ್ತದೆ, ಅರಿತುಕೊಳ್ಳುವುದಕ್ಕೂ ಸಲ್ಲುತ್ತದೆ. ಬೇಳೆ ತಳದಲ್ಲಿ ಕುಳಿತ ಮೇಲಿನ ಸಾರು ತಿಳಿಸಾರು. ಮನಸ್ಸು ಕದಡಿತು ಎನ್ನುತ್ತೇವೆ, ಸ್ವಲ್ಪ ಹೊತ್ತಿಗೆ ತಿಳಿಯಾಯಿತು ಎನ್ನುತ್ತೇವೆ. ನೀರನ್ನು ದಿನವೂ ಹೊತ್ತು, ಸೋಸಿ, ಕಾದು ಕುಡಿದ ಜನ ಮನಸ್ಸಿಗೆ ಕೊಟ್ಟ ಮಾತುಗಳಿವು.

ಕೆಲವು ವರ್ಷಗಳ ಹಿಂದೆ ನನ್ನ ಮನಸ್ಸು ತಿಂಗಳುಗಟ್ಟಲೆ ಕದಡಿಕೊಂಡೇ ಇತ್ತು. “ಒಳ್ಳೆಯದನ್ನೇ ಯೋಚಿಸು” ಎಂದು ಬಲ್ಲವರೆಲ್ಲ ಹೇಳಿದರು. ನಾನೂ ಪ್ರಯತ್ನಪಟ್ಟೆ. ಬಗ್ಗಡದ ಕೊಡಕ್ಕೆ ಸಕ್ಕರೆ ಹಾಕಿ ಕಲಕಿದಂತಾಯಿತು. ಬಲವಂತದ ಒಳ್ಳೆಯ ಯೋಚನೆಯೂ ಒಂದು ಕಲಕುವಿಕೆಯೇ ಎಂದು ಗೊತ್ತಾಗಲು ಬಹಳ ದಿನ ಹಿಡಿಯಿತು. ಕೆಸರು ಇಳಿದರೆ ತಳ ತಾನಾಗಿ ಕಾಣುತ್ತದೆ, ಧನಾತ್ಮಕ ಮನೋಭಾವ ಹಾಗೆ ಕಾಣಿಸಿಕೊಳ್ಳುವಂಥದ್ದು ಎಂಬುದು ಈಗ ನನ್ನ ನಂಬಿಕೆ. ಕೆಳಗಿನ ಅಭ್ಯಾಸಗಳು ಆ ನಂಬಿಕೆಯಿಂದ ಹುಟ್ಟಿದವು.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಬಾಟಲಿಯ ಮೇಲೆ ‘ಪ್ರೀತಿ’ ಎಂದು ಬರೆದು ಅಂಟಿಸಿದರೆ ಒಳಗಿನ ನೀರಿನ ಗುಣವೇ ಬದಲಾಗುತ್ತದೆ ಎಂಬ ಮಾತು ಬಹಳ ಹರಡಿದೆ. ಜಪಾನಿನ ಮಸಾರು ಎಮೋಟೊ ಅವರು ಹೆಪ್ಪುಗಟ್ಟಿದ ನೀರಿನ ಹರಳುಗಳ ಚಿತ್ರಗಳನ್ನು ತೋರಿಸಿ ಇದನ್ನು ಜನಪ್ರಿಯಗೊಳಿಸಿದರು. ವಿಜ್ಞಾನ ಅದನ್ನು ಒಪ್ಪಿಲ್ಲ. ನಾನೂ ಅದನ್ನು ಕಲಿಸುವುದಿಲ್ಲ. ನೀರು ಅಕ್ಷರ ಓದುವುದಿಲ್ಲ, ಓದುವುದು ನಿಮ್ಮ ಕಣ್ಣು. ‘ನಿಧಾನ’ ಎಂಬ ಒಂದು ಪದವನ್ನು ಬಾಟಲಿಯ ಮೇಲೆ ಬರೆದಿಟ್ಟುಕೊಂಡರೆ ಅದು ನಿಮಗೆ ನೆನಪು ಮಾಡಿಕೊಡುತ್ತದೆ. ಅಷ್ಟಕ್ಕೆ ಬೇಕಾದರೆ ಬರೆದುಕೊಳ್ಳಿ.

ಬೇಕಾಗುವ ಸಾಮಾನು ಕಡಿಮೆ: ಒಂದು ತಂಬಿಗೆ, ಒಂದು ಗಾಜಿನ ಲೋಟ, ಒಂದು ಚಮಚ ಮಣ್ಣು, ಸ್ನಾನದ ಬಕೆಟ್. ಮನಸ್ಸು ನೆಟ್ಟಗಿರುವ ದಿನವೇ ಶುರುಮಾಡಿ. ಬಾಯಾರಿದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ಬಗ್ಗಡದ ಲೋಟ

ಗಾಜಿನ ಲೋಟದಲ್ಲಿ ಮುಕ್ಕಾಲು ಭಾಗ ನೀರು ತೆಗೆದುಕೊಳ್ಳಿ. ಹೂಕುಂಡದಿಂದಲೋ ಅಂಗಳದಿಂದಲೋ ಒಂದು ಚಮಚ ಮಣ್ಣು ಹಾಕಿ. ಚೆನ್ನಾಗಿ ಕಲಕಿ, ಬೆಳಕು ಬೀಳುವ ಕಡೆ ಇಟ್ಟು ಎದುರು ಕುಳಿತುಕೊಳ್ಳಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಹತ್ತು ನಿಮಿಷ ಲೋಟವನ್ನು ನೋಡುವುದೊಂದೇ ಕೆಲಸ.

ಮೊದಲು ಎಲ್ಲವೂ ಗಿರ್ರನೆ ತಿರುಗುತ್ತದೆ. ಮರಳಿನ ಕಣಗಳು ಕೆಲವೇ ಕ್ಷಣಗಳಲ್ಲಿ ತಳ ಸೇರುತ್ತವೆ. ನವಿರಾದ ಪುಡಿಮಣ್ಣು ನಿಮಿಷಗಳನ್ನು ತೆಗೆದುಕೊಳ್ಳುತ್ತದೆ. ಜೇಡಿಯ ಕಣಗಳು ಗಂಟೆಗಟ್ಟಲೆ ತೇಲುತ್ತಲೇ ಇರುತ್ತವೆ. ಕಣದ ಅಡ್ಡಳತೆ ಅರ್ಧವಾದರೆ ಅದು ಇಳಿಯುವ ವೇಗ ಕಾಲುಭಾಗಕ್ಕೆ ಕುಸಿಯುತ್ತದೆ. ನಮ್ಮ ಎರೆಮಣ್ಣಿನಲ್ಲಿ ಇಂಥ ಅತಿ ಸಣ್ಣ ಜೇಡಿಯೇ ಹೆಚ್ಚು. ಅದಕ್ಕೇ ಅಜ್ಜಿ ಸಂಜೆ ಇಟ್ಟ ಕೊಡವನ್ನು ಬೆಳಗಿನವರೆಗೂ ಮುಟ್ಟಲು ಬಿಡುತ್ತಿರಲಿಲ್ಲ. ಕೆಲವು ಸೀಮೆಗಳಲ್ಲಿ ಕೊಡದ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದರು. ಅದು ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸಿ ಬೇಗ ತಳಕ್ಕಿಳಿಸುತ್ತದೆ. ಅಂಥ ಬೀಜ ಇದ್ದವರೂ ಆಮೇಲೆ ಕೊಡವನ್ನು ಅಲುಗಾಡಿಸದೆ ಬಿಡಲೇಬೇಕಿತ್ತು.

ಲೋಟ ನೋಡುತ್ತಿರುವಾಗ ಯೋಚನೆಗಳು ಬಂದೇ ಬರುತ್ತವೆ. ಓಡಿಸಬೇಡಿ. ಬಂದದ್ದಕ್ಕೆ ಒಂದು ಚಿಕ್ಕ ಹೆಸರಿಡಿ: ‘ಇದು ಕಚೇರಿಯ ಚಿಂತೆ’, ‘ಇದು ಅಣ್ಣನ ಮೇಲಿನ ಸಿಟ್ಟು’. ಹೆಸರಿಟ್ಟು ಕಣ್ಣನ್ನು ಮತ್ತೆ ನೀರಿಗೆ ತನ್ನಿ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಹೀಗೆ ಹೋಗಿ ಬಂದರೂ ಅಭ್ಯಾಸ ಕೆಟ್ಟಿತೆಂದಲ್ಲ. ಹೋದದ್ದು ಗೊತ್ತಾಗಿ ಮರಳಿ ಬರುವುದೇ ಅಭ್ಯಾಸ. ಇದನ್ನೇ ಇಂದು ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ. ಜಾನ್ ಕಬಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಆರಂಭಿಸಿದ ಎಂಟು ವಾರಗಳ ತರಬೇತಿಯ ತಿರುಳೂ ಇಷ್ಟೇ: ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು ತೀರ್ಪು ಕೊಡದೆ ಗಮನಿಸುವುದು.

ಕೆಲವು ದಿನ ಮಾಡಿದ ಮೇಲೆ ನಿಮ್ಮ ಚಿಂತೆಗಳಲ್ಲೂ ಮರಳು ಯಾವುದು, ಜೇಡಿ ಯಾವುದು ಎಂಬುದು ಕಾಣತೊಡಗುತ್ತದೆ. ಬಸ್ ತಪ್ಪಿದ ಕಿರಿಕಿರಿ ಮರಳು, ಐದು ನಿಮಿಷ ಬಿಟ್ಟರೆ ಇಳಿಯುತ್ತದೆ. ನಿನ್ನೆ ಯಾರೋ ಆಡಿದ ಚುಚ್ಚುಮಾತು ಪುಡಿಮಣ್ಣು. ತೀರಿಕೊಂಡವರ ದುಃಖ, ಕೈಬಿಟ್ಟ ಸ್ನೇಹ, ಮಕ್ಕಳ ಭವಿಷ್ಯದ ಆತಂಕ ಎರೆಯ ಜೇಡಿ. ಹತ್ತು ನಿಮಿಷ ಕುಳಿತೂ ಅವು ಇಳಿಯಲಿಲ್ಲವೆಂದು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಅವುಗಳ ಹೊತ್ತೇ ಬೇರೆ. ಲೋಟವನ್ನು ಕಿಟಕಿಯ ಬಳಿ ಇಟ್ಟು ನಿಮ್ಮ ಕೆಲಸಕ್ಕೆ ಹೋಗಿ, ರಾತ್ರಿ ಬಂದು ನೋಡಿ. ಕೊನೆಗೆ ಆ ನೀರನ್ನು ಗಿಡಕ್ಕೆ ಹಾಕಿ.

ಮೊದಲ ವಾರ ಇದೊಂದೇ ಸಾಕು. ಎಲ್ಲವನ್ನೂ ಒಂದೇ ದಿನ ಶುರುಮಾಡಿದವರು ನಾಲ್ಕನೆಯ ದಿನಕ್ಕೆ ಬಿಟ್ಟದ್ದನ್ನು ನಾನು ಬಹಳ ನೋಡಿದ್ದೇನೆ.

ಎರಡನೆಯ ಹೆಜ್ಜೆ: ಬೆಳಗಿನ ತಂಬಿಗೆ

ರಾತ್ರಿ ಮಲಗುವಾಗ ತಂಬಿಗೆಯಲ್ಲಿ ನೀರು ತುಂಬಿ ಮುಚ್ಚಿಡಿ. ತಾಮ್ರದ್ದಾದರೆ ಅದರಲ್ಲಿ ನಿಂಬೆಹಣ್ಣಿನ ನೀರು, ಮಜ್ಜಿಗೆ ಬೇಡ. ಹುಳಿಗೆ ತಾಮ್ರ ಕರಗುತ್ತದೆ. ಸ್ಟೀಲಿನದೋ ಮಣ್ಣಿನದೋ ಆದರೂ ಈ ಅಭ್ಯಾಸಕ್ಕೆ ಏನೂ ಕೊರತೆಯಿಲ್ಲ.

ಬೆಳಿಗ್ಗೆ ಎದ್ದು, ಮೊಬೈಲ್ ಮುಟ್ಟುವ ಮೊದಲು, ಕುಳಿತುಕೊಂಡು ಲೋಟಕ್ಕೆ ಬಗ್ಗಿಸಿಕೊಳ್ಳಿ. ಬಗ್ಗಿಸುವ ಸದ್ದನ್ನು ಕೇಳಿಸಿಕೊಳ್ಳಿ. ಲೋಟ ತುಂಬುತ್ತ ಬಂದಂತೆ ಆ ಸದ್ದು ತೆಳುವಾಗುತ್ತ ಏರುತ್ತದೆ, ದಿನವೂ ಕೇಳಿಯೂ ನಾವು ಕೇಳಿಸಿಕೊಳ್ಳದ ಸ್ವರ ಅದು. ಲೋಟದ ತಂಪನ್ನು ಅಂಗೈಯಲ್ಲಿ ಹಿಡಿಯಿರಿ. ಮೊದಲ ಗುಟುಕನ್ನು ಬಾಯಲ್ಲಿ ಕ್ಷಣ ನಿಲ್ಲಿಸಿ, ಗಂಟಲಲ್ಲಿ ಇಳಿಯುವುದನ್ನು ಹಿಂಬಾಲಿಸಿ. ಎದೆಯ ತನಕ ತಂಪು ಗೊತ್ತಾಗುತ್ತದೆ, ಆಮೇಲೆ ಗೊತ್ತಾಗುವುದಿಲ್ಲ. ಎಲ್ಲಿ ಗೊತ್ತಾಗದೆ ಹೋಯಿತು ಎಂಬುದನ್ನು ಗಮನಿಸಿ. ಐದು ಗುಟುಕು ಹೀಗೆ ಕುಡಿದು, ಉಳಿದದ್ದನ್ನು ನಿಮ್ಮ ರೂಢಿಯಂತೆ ಕುಡಿಯಿರಿ.

ನೀರು ಕಡಿಮೆಯಾದಾಗ ಮನಸ್ಸು ಮೊದಲೇ ಮುದುಡುತ್ತದೆ. 2012ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು 25 ಆರೋಗ್ಯವಂತ ಯುವತಿಯರನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ, ದೇಹದ ತೂಕದ ಶೇಕಡಾ 1.36ರಷ್ಟು ನೀರು ಕಳೆದುಕೊಂಡಾಗಲೇ ತಲೆನೋವು, ದಣಿವು, ಗಮನ ನಿಲ್ಲದಿರುವುದು, ಮನಸ್ಸು ಕುಂದುವುದು ಕಾಣಿಸಿತು. 60 ಕಿಲೋ ತೂಕದವರಿಗೆ ಅದು ಸುಮಾರು 800 ಮಿಲಿಲೀಟರ್. ಬೇಸಿಗೆಯ ಮಧ್ಯಾಹ್ನ ಬಿಸಿಲಿನಲ್ಲಿ ಓಡಾಡಿದವರು ಅಷ್ಟನ್ನು ಸುಲಭವಾಗಿ ಬೆವರಿನಲ್ಲಿ ಕಳೆದುಕೊಂಡಿರುತ್ತಾರೆ. ಆದುದರಿಂದ ಮಧ್ಯಾಹ್ನ ಮೂರು ಗಂಟೆಗೆ ಯಾರ ಮೇಲಾದರೂ ಸಿಡುಕು ಬಂದರೆ, ಮಾತಾಡುವ ಮೊದಲು ಒಂದು ಲೋಟ ನೀರು ಕುಡಿಯಿರಿ. ಬಿಸಿಲಿನಿಂದ ಬಂದವರಿಗೆ ಬೆಲ್ಲ ನೀರು ಕೊಟ್ಟು, ಅವರು ಕುಡಿದು ಮುಗಿಸಿದ ಮೇಲೆಯೇ ಮಾತಿಗೆ ತೊಡಗುತ್ತಿದ್ದ ಮನೆಗಳಲ್ಲಿ ಎಂಥ ವಿವೇಕವಿತ್ತು!

ಹಾಗೆಂದು ಬಲವಂತವಾಗಿ ಲೀಟರುಗಟ್ಟಲೆ ಕುಡಿಯಬೇಡಿ. ಮೂತ್ರ ತಿಳಿಹಳದಿಯಾಗಿದ್ದರೆ ಸಾಕಷ್ಟು ಕುಡಿಯುತ್ತಿದ್ದೀರಿ. ಅಲ್ಪ ಸಮಯದಲ್ಲಿ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿರುವವರು ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

ಕೃತಜ್ಞತೆಯ ಅಭ್ಯಾಸ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವುದಕ್ಕೆ ಎಂಬುದು ಖಚಿತವಾಗದಿದ್ದರೆ ಆ ಮಾತು ಬಾಯಲ್ಲೇ ಉಳಿಯುತ್ತದೆ. ನಿಮ್ಮ ಲೋಟದ ನೀರು ಎಲ್ಲಿಂದ ಬಂತು ಎಂದು ಪತ್ತೆಹಚ್ಚಿ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳನ್ನು ದಾಟಿ, ಸುಮಾರು 100 ಕಿಲೋಮೀಟರ್ ಸಾಗಿ, ಸುಮಾರು 500 ಮೀಟರ್ ಎತ್ತರ ಏರಿ ಬಂದಿರುತ್ತಾಳೆ. ಹುಬ್ಬಳ್ಳಿ-ಧಾರವಾಡದವರ ಲೋಟದಲ್ಲಿರುವುದು ಸವದತ್ತಿಯ ರೇಣುಕಾಸಾಗರದ ಮಲಪ್ರಭೆ. ಮಂಗಳೂರಿನವರದು ತುಂಬೆಯ ನೇತ್ರಾವತಿ, ಶಿವಮೊಗ್ಗದವರದು ತುಂಗೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಂಗಳೂರಿನ ಬಡಾವಣೆಗಳು ಟ್ಯಾಂಕರ್ ಕಾದು ನಿಂತದ್ದನ್ನು ನೆನೆದರೆ ಒಂದು ಲೋಟದ ತೂಕವೇ ಬೇರೆಯಾಗಿ ತೋರುತ್ತದೆ. ಮೊದಲ ಗುಟುಕಿಗೆ ಆ ನದಿಯ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ.

ಮೂರನೆಯ ಹೆಜ್ಜೆ: ಸ್ನಾನ

ನಮ್ಮಲ್ಲಿ ಹಲವರು ಬಚ್ಚಲಿನಲ್ಲಿ ನಿಂತೇ ಮುಂದಿನ ಮೂರು ಜಗಳಗಳನ್ನು ಆಡಿ ಮುಗಿಸಿರುತ್ತೇವೆ. ಮೈಮೇಲೆ ನೀರು ಬಿದ್ದದ್ದೇ ಗೊತ್ತಿರುವುದಿಲ್ಲ.

ಶವರ್ ಬಿಟ್ಟು ಬಕೆಟ್ ಮತ್ತು ತಂಬಿಗೆಗೆ ಮರಳಿ. ನೀರು ಉಳಿಯುತ್ತದೆ ಎಂಬುದು ಒಂದು ಲಾಭ. ತಂಬಿಗೆಯ ಸ್ನಾನದಲ್ಲಿ ಎರಡು ಸುರಿವಿನ ನಡುವೆ ಬಿಡುವಿದೆ, ಗಮನ ಮರಳುವುದು ಆ ಬಿಡುವಿನಲ್ಲಿ. ಅದು ಇನ್ನೂ ದೊಡ್ಡ ಲಾಭ. ಮೊದಲ ತಂಬಿಗೆಯನ್ನು ಪಾದಕ್ಕೆ ಸುರಿಯಿರಿ. ಎರಡನೆಯದು ಮೊಣಕಾಲಿಗೆ, ಆಮೇಲೆ ಭುಜಗಳಿಗೆ, ಕೊನೆಗೆ ತಲೆಗೆ. ಪ್ರತಿ ಸಲವೂ ನೀರು ಎಲ್ಲಿ ಮುಟ್ಟಿತು, ಎಲ್ಲಿಂದ ಇಳಿಯಿತು, ಬಿಸಿ ಎಷ್ಟು ಹೊತ್ತು ಉಳಿಯಿತು ಎಂದು ನೋಡಿ.

ಗಮನ ನಿಲ್ಲಿಸುವುದಕ್ಕೆ ಒಂದು ಹಳೆಯ ಉಪಾಯವಿದೆ. ಸ್ನಾನದ ನೀರಿನ ಎದುರು ‘ಗಂಗೇ ಚ ಯಮುನೇ ಚೈವ ಗೋದಾವರಿ ಸರಸ್ವತಿ’ ಎಂದು ಆರಂಭವಾಗಿ ನರ್ಮದೆ, ಸಿಂಧು, ಕಾವೇರಿಯವರೆಗೆ ಏಳು ನದಿಗಳನ್ನು ಕರೆಯುವ ಶ್ಲೋಕವನ್ನು ನಮ್ಮ ಅಜ್ಜಂದಿರು ಹೇಳಿಕೊಳ್ಳುತ್ತಿದ್ದರು. ಭಕ್ತಿಯ ಮಾತು ಅವರವರದು. ಆದರೆ ಒಂದು ಬಕೆಟ್ ನೀರಿನ ಮುಂದೆ ನಿಂತು ಇಡೀ ದೇಶದ ನದಿಗಳನ್ನು ನೆನೆಯುವವನ ಮನಸ್ಸು ಅಷ್ಟು ಹೊತ್ತಾದರೂ ತನ್ನ ಚಿಂತೆಯ ಹೊರಗಿರುತ್ತದೆ. ನಾನು ಇದನ್ನು ನನ್ನ ರೀತಿಯಲ್ಲಿ ಮಾಡಿಕೊಂಡಿದ್ದೇನೆ: ತಂಬಿಗೆಗೊಂದು ನಮ್ಮ ನಾಡಿನ ನದಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಅಂಬುತೀರ್ಥದ ಶರಾವತಿ, ಗಂಗಾಮೂಲದಿಂದ ಹೊರಟು ಕೂಡಲಿಯಲ್ಲಿ ಒಂದಾಗುವ ತುಂಗೆ ಮತ್ತು ಭದ್ರೆ, ಆಮೇಲೆ ಭೀಮೆ, ಹೇಮಾವತಿ, ಕಾಳಿ. ಮಕ್ಕಳಿಗೆ ಇದನ್ನು ಕಲಿಸಿ ನೋಡಿ, ಬಹಳ ಇಷ್ಟಪಡುತ್ತಾರೆ. ಹೆಸರು ಮರೆತುಹೋದರೆ ಗಮನ ಜಾರಿದೆ ಎಂದು ತಿಳಿಯಿರಿ, ಮತ್ತೆ ಮೊದಲ ನದಿಯಿಂದ ಶುರುಮಾಡಿ.

ದೀಪಾವಳಿಯ ಮುನ್ನ ನೀರು ತುಂಬುವ ಹಬ್ಬದಲ್ಲಿ ಹಂಡೆ ಬೆಳಗಿ, ಸುತ್ತ ರಂಗೋಲಿ ಹಾಕಿ, ನೀರಿಗೆ ಪೂಜೆ ಮಾಡಿ, ಮರುದಿನ ಎಣ್ಣೆ ಹಚ್ಚಿಕೊಂಡು ಮೀಯುತ್ತೇವಲ್ಲ, ಆ ದಿನದ ಸ್ನಾನ ಏಕೆ ನೆನಪಿನಲ್ಲಿ ಉಳಿಯುತ್ತದೆ? ನೀರು ದಿನವೂ ಇದ್ದದ್ದೇ. ಆ ದಿನ ಮಾತ್ರ ನಾವು ಅದರ ಕಡೆ ನೋಡಿರುತ್ತೇವೆ.

ನಾಲ್ಕನೆಯದು: ಪಾತ್ರೆ ತೊಳೆಯುವಾಗ

ಇದಕ್ಕೆ ಬೇರೆ ಸಮಯ ಬೇಡ. ನೊರೆಯ ವಾಸನೆ, ನೀರಿನ ಬಿಸಿ ಅಥವಾ ತಂಪು, ಬೆರಳಿಗೆ ಸಿಗುವ ಪಾತ್ರೆಯ ಅಂಚು, ಇಷ್ಟರ ಮೇಲೆ ಗಮನವಿಟ್ಟು ತೊಳೆಯಿರಿ. 2015ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 51 ವಿದ್ಯಾರ್ಥಿಗಳೊಂದಿಗೆ ಮಾಡಿದ ಅಧ್ಯಯನದಲ್ಲಿ, ಹೀಗೆ ಗಮನವಿಟ್ಟು ತೊಳೆದವರ ತಳಮಳ ಶೇಕಡಾ 27ರಷ್ಟು ಕಡಿಮೆಯಾಗಿತ್ತು, ಸ್ಫೂರ್ತಿ ಶೇಕಡಾ 25ರಷ್ಟು ಹೆಚ್ಚಿತ್ತು. ಸುಮ್ಮನೆ ತೊಳೆದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಅದು ಸಣ್ಣ ಅಧ್ಯಯನ. ಆದರೂ ಖರ್ಚಿಲ್ಲದ ಅಭ್ಯಾಸ, ಮಾಡಿ ನೋಡಬಹುದು. ಮನೆಯ ಪಾತ್ರೆಗಳೆಲ್ಲ ಯಾವಾಗಲೂ ಒಬ್ಬರ ಪಾಲಿಗೇ ಬೀಳುತ್ತಿದ್ದರೆ ಮಾತ್ರ, ಅವರಿಗೆ ಈ ಅಭ್ಯಾಸ ಹೇಳಿಕೊಡುವ ಬದಲು ಕೆಲಸ ಹಂಚಿಕೊಳ್ಳಿ. ಅವರ ಮನಸ್ಸಿಗೆ ಅದೇ ಹೆಚ್ಚಿನ ಹಿತ.

ಐದನೆಯದು: ಸಿಟ್ಟು ಮತ್ತು ಗಾಬರಿಗೆ ತಣ್ಣೀರು

ಎದೆ ಹೊಡೆದುಕೊಳ್ಳುತ್ತಿರುವಾಗ ಲೋಟ ನೋಡುತ್ತ ಕೂರಲಾಗುವುದಿಲ್ಲ. ಆಗ ಮೈಯ ದಾರಿಯಿಂದ ಹೋಗಬೇಕು. ಒಂದು ಅಗಲವಾದ ಪಾತ್ರೆಯಲ್ಲಿ ತಣ್ಣೀರು ತೆಗೆದುಕೊಂಡು ಕೆಲವು ಮಂಜುಗಡ್ಡೆ ಹಾಕಿ. ಉಸಿರು ಹಿಡಿದು, ಹಣೆಯಿಂದ ಕೆನ್ನೆಯವರೆಗೆ ಮುಖವನ್ನು 15ರಿಂದ 30 ಸೆಕೆಂಡ್ ಮುಳುಗಿಸಿ. ಕಷ್ಟವಾದರೆ ಬೇಗ ಎತ್ತಿ. ಆಮೇಲೆ ನಿಧಾನವಾಗಿ ಉಸಿರು ಬಿಟ್ಟು, ಎರಡು ಮೂರು ಸಲ ಮಾಡಿ. ಕಚೇರಿಯಲ್ಲಿದ್ದರೆ ತಣ್ಣನೆಯ ಒದ್ದೆ ಬಟ್ಟೆಯನ್ನು ಕಣ್ಣು ಮತ್ತು ಕೆನ್ನೆಗಳ ಮೇಲೆ ಒತ್ತಿ ಹಿಡಿದರೂ ಸ್ವಲ್ಪ ಫಲವಿದೆ.

ಮುಖಕ್ಕೆ ತಣ್ಣೀರು ತಗುಲಿದಾಗ ಮುಖದ ನರವೊಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮಿದುಳು ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ಇಳಿಸುತ್ತದೆ. ನೀರಿನಲ್ಲಿ ಮುಳುಗುವ ಪ್ರಾಣಿಗಳಲ್ಲಿ ಉಸಿರು ಉಳಿಸುವುದಕ್ಕಾಗಿ ಇರುವ ಏರ್ಪಾಡು ನಮ್ಮಲ್ಲೂ ಉಳಿದುಕೊಂಡಿದೆ. “ಮುಖಕ್ಕೆ ಒಂದಿಷ್ಟು ನೀರು ಹಾಕಿಕೊಂಡು ಬಾ, ಆಮೇಲೆ ಮಾತಾಡೋಣ” ಎಂಬ ಹಿರಿಯರ ಮಾತು ಬರಿಯ ಸಮಾಧಾನದ್ದಲ್ಲ. ಹೃದಯದ ಕಾಯಿಲೆ ಇರುವವರು, ಬಡಿತ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಇದನ್ನು ವೈದ್ಯರನ್ನು ಕೇಳದೆ ಮಾಡಬಾರದು.

ವಾರಕ್ಕೊಮ್ಮೆ ಕೆರೆ

ಹತ್ತಿರದ ಯಾವುದಾದರೂ ನೀರಿನ ಬಳಿ ಅರ್ಧ ಗಂಟೆ ಕುಳಿತುಕೊಳ್ಳಿ. ಮೈಸೂರಿನವರಿಗೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯಿದೆ, ಬೆಂಗಳೂರಿನವರಿಗೆ 1882ರ ಸ್ಯಾಂಕಿ ಕೆರೆ, ಹುಬ್ಬಳ್ಳಿಯವರಿಗೆ ಉಣಕಲ್. ಹೆಸರಿಲ್ಲದ ಹೊಂಡವಾದರೂ ಆದೀತು. ಇಯರ್‌ಫೋನ್ ಬೇಡ. ಒಂದು ಅಲೆಯನ್ನು ಆರಿಸಿಕೊಂಡು ಅದು ದಡ ಮುಟ್ಟುವವರೆಗೆ ಹಿಂಬಾಲಿಸಿ, ಇನ್ನೊಂದನ್ನು ಆರಿಸಿಕೊಳ್ಳಿ. ವಿದೇಶದಲ್ಲಿರುವವರಿಗೆ ನದಿಯೋ ಕಡಲೋ ಹತ್ತಿರವಿದ್ದೀತು. ಏನೂ ಇಲ್ಲದಿದ್ದರೆ ಮಳೆ ಬರುವ ದಿನ ಕಿಟಕಿ ತೆರೆದು, ಹತ್ತಿರದ ಹನಿಯ ಸದ್ದು ಯಾವುದು, ದೂರದ್ದು ಯಾವುದು ಎಂದು ಬೇರ್ಪಡಿಸುತ್ತ ಕೇಳಿ. ಸದ್ದಿಗಾಗಿ ನಲ್ಲಿ ತೆರೆದಿಡುವುದು ಮಾತ್ರ ಬೇಡ.

ರಾತ್ರಿ

ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು 40ರಿಂದ 42.5 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಹತ್ತು ನಿಮಿಷ ಸ್ನಾನ ಮಾಡಿದರೆ ನಿದ್ರೆ ಬೇಗ ಹತ್ತುತ್ತದೆ ಎಂದು ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿತು. ಬಿಸಿನೀರು ಕೈಕಾಲುಗಳಿಗೆ ರಕ್ತ ಹರಿಸುತ್ತದೆ, ಅಲ್ಲಿಂದ ಶಾಖ ಹೊರಹೋಗಿ ದೇಹದ ಒಳಗಿನ ಬಿಸಿ ಇಳಿಯುತ್ತದೆ, ಮೈ ನಿದ್ರೆಗೆ ಅಣಿಯಾಗುತ್ತದೆ. ಸ್ನಾನ ಆಗದಿದ್ದರೆ ಪಾದಗಳನ್ನಾದರೂ ಬೆಚ್ಚನೆಯ ನೀರಿನಲ್ಲಿಡಿ. ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಪಾದ ನೆನೆಸಬಾರದು, ಸುಟ್ಟರೂ ಗೊತ್ತಾಗುವುದಿಲ್ಲ.

ಪಾದ ನೀರಿನಲ್ಲಿರುವಾಗ ದಿನವನ್ನು ಹಿಂದಕ್ಕೆ ನೆನೆಯಿರಿ. ‘ಮೂರು ಒಳ್ಳೆಯ ಸಂಗತಿ’ ಹುಡುಕಬೇಕೆಂಬ ಹಟ ಬೇಡ. ಇಂದು ಏನು ಇಳಿಯಿತು, ಏನು ಇನ್ನೂ ತೇಲುತ್ತಿದೆ ಎಂದು ಎರಡು ಸಾಲು ಬರೆದಿಡಿ. ಒಂದು ತಿಂಗಳ ಸಾಲುಗಳನ್ನು ಒಟ್ಟಿಗೆ ಓದಿದಾಗ, ಬಹಳ ದಿನ ತೇಲಿದ್ದು ಯಾವ ವಾರದಲ್ಲಿ ಸದ್ದಿಲ್ಲದೆ ತಳ ಸೇರಿತು ಎಂಬುದು ಕಾಣುತ್ತದೆ. ನನ್ನ ಪುಸ್ತಕದಲ್ಲಿ ಒಂದು ಹೆಸರು ನಲವತ್ತು ದಿನ ಬಂದು, ನಲವತ್ತೊಂದನೆಯ ದಿನ ಇರಲಿಲ್ಲ. ನಾನು ಅದನ್ನು ಗಮನಿಸಿದ್ದು ಮತ್ತೆ ಒಂದು ವಾರದ ನಂತರ.

ಇಷ್ಟೆಲ್ಲ ಮಾಡಿಯೂ ಎರಡು ವಾರ ದಾಟಿದರೂ ಮನಸ್ಸು ಏಳದಿದ್ದರೆ, ನಿದ್ರೆ ಮತ್ತು ಊಟ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ, ತಡಮಾಡದೆ ವೈದ್ಯರನ್ನು ಕಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಅದು ತೆರೆದಿರುತ್ತದೆ. ಚಿಲ್ಲದ ಬೀಜ ತೇಯ್ದವರು ಕಾಯಲಾರದವರೆಂದು ಯಾರೂ ಎಂದಿರಲಿಲ್ಲ.

ಎರಡು ಸಾಲು ಬರೆದ ಮೇಲೆ ಪಾದ ಒರೆಸಿಕೊಂಡು, ತಂಬಿಗೆಗೆ ನಾಳೆಯ ನೀರು ತುಂಬಿ ಮುಚ್ಚಿಡಿ.